ಮೊಳೆ ಮುಳುಗುತ್ತದೆ, ಹಡಗೇಕೆ ತೇಲುತ್ತದೆ? ಉತ್ತರ ಬೆಲ್ಲದ ಕೊಪ್ಪರಿಗೆಯಲ್ಲಿದೆ

"ಸಣ್ಣ ಕಬ್ಬಿಣದ ಮೊಳೆ ನೀರಿಗೆ ಹಾಕಿದರೆ ಮುಳುಗುತ್ತದೆ. ಸಾವಿರಾರು ಟನ್ ತೂಕದ ಕಬ್ಬಿಣದ ಹಡಗು ತೇಲುತ್ತದೆ. ಇದರ ರಹಸ್ಯ ಗೊತ್ತಾ? ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಹತ್ತು ಜನರಿಗೆ ಕಳಿಸಿ."

ಇಂಥದ್ದೊಂದು ಫಾರ್ವರ್ಡ್ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂತು. ಹತ್ತು ನಿಮಿಷದಲ್ಲಿ ಉತ್ತರಗಳ ಸುರಿಮಳೆ. ಒಬ್ಬರು "ಸಮುದ್ರದ ನೀರು ಉಪ್ಪು, ಅದಕ್ಕೆ" ಎಂದರು. ಇನ್ನೊಬ್ಬರು "ಒಳಗೆ ಗಾಳಿ ತುಂಬಿರ್ತಾರೆ" ಎಂದರು. ಮತ್ತೊಬ್ಬರು "ಇಂಜಿನ್ ಜೋರಿನಿಂದ ತೇಲುತ್ತದೆ" ಎಂದು ಖಚಿತವಾಗಿಯೇ ಬರೆದರು. ಕೊನೆಗೆ ಘೋಡಗೇರಿಯ ಕಾಕಾ ನನಗೊಂದು ವಾಯ್ಸ್ ಮೆಸೇಜ್ ಕಳಿಸಿದರು: "ತಂಗೀ, ಇದರಾಗ ಖರೇ ಯಾವದು? ಮೊಳಿ ಮುಳಗತೈತಿ ಅಂದ್ರ ಹಡಗ ಯಾಕ ಮುಳಗಂಗಿಲ್ಲ?"

ಘೋಡಗೇರಿಗೂ ಸಮುದ್ರಕ್ಕೂ ಬಹಳ ದೂರ. ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯ ಬಹಳಷ್ಟು ಜನ ಹಡಗನ್ನು ಟಿವಿಯಲ್ಲಿ, ಮೊಬೈಲ್‌ನಲ್ಲಿ ಮಾತ್ರ ನೋಡಿದವರು. ಆದರೆ ಈ ಪ್ರಶ್ನೆಗೆ ಉತ್ತರ ಬೇಕಾದದ್ದು ಹಡಗಿನವರಿಗೆ ಮಾತ್ರವಲ್ಲ. ಮಳೆಗಾಲದಲ್ಲಿ ಮುಳುಗಿದ ಸೇತುವೆಯ ಮುಂದೆ ಗಾಡಿ ನಿಲ್ಲಿಸಿಕೊಂಡು "ದಾಟಬಹುದಾ?" ಎಂದು ಯೋಚಿಸುವವರಿಗೂ ಅದು ಬೇಕು. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಚಿಕ್ಕದಾಗಿ ಹೇಳುವುದಾದರೆ

ಒಂದು ವಸ್ತು ತೇಲುತ್ತದೋ ಮುಳುಗುತ್ತದೋ ಎಂಬುದನ್ನು ಅದರ ತೂಕವೊಂದೇ ನಿರ್ಧರಿಸುವುದಿಲ್ಲ. ಅದು ಯಾವುದರಿಂದ ಮಾಡಿದ್ದು ಎಂಬುದೂ ಒಂದೇ ನಿರ್ಧರಿಸುವುದಿಲ್ಲ. ಆ ವಸ್ತು ತನ್ನ ಜಾಗದಿಂದ ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬುದು ಮುಖ್ಯ. ಸರಿಸಿದ ನೀರಿನ ತೂಕ ವಸ್ತುವಿನ ತೂಕಕ್ಕೆ ಸಮವಾದರೆ ಅದು ತೇಲುತ್ತದೆ. ಪೂರ್ತಿ ಮುಳುಗಿದರೂ ಅಷ್ಟು ನೀರನ್ನು ಸರಿಸಲಾಗದಿದ್ದರೆ ತಳ ಸೇರುತ್ತದೆ.

ಮೊಳೆ ಗಟ್ಟಿ, ಹಾಗಾಗಿ ಅದು ಸರಿಸುವ ನೀರು ಬಹಳ ಕಡಿಮೆ. ಹಡಗು ದೊಡ್ಡ ಪಾತ್ರೆಯಂತೆ ಟೊಳ್ಳು, ಹಾಗಾಗಿ ಅದು ಸರಿಸುವ ನೀರು ಬಹಳ ಹೆಚ್ಚು. ರಹಸ್ಯ ಇಷ್ಟೇ.

ನೀರು ಮೇಲಕ್ಕೆ ತಳ್ಳುತ್ತದೆ ಎಂಬುದು ನಿಮಗೆ ಈಗಾಗಲೇ ಗೊತ್ತು

ಬಾವಿಯಿಂದ ನೀರು ಸೇದಿದವರು ನೆನಪಿಸಿಕೊಳ್ಳಿ. ತುಂಬಿದ ಕೊಡ ನೀರಿನೊಳಗೆ ಇರುವತನಕ ಹಗ್ಗ ಹಗುರವಾಗಿರುತ್ತದೆ. ಕೊಡ ನೀರಿನಿಂದ ಹೊರಗೆ ಬಂದ ಕ್ಷಣವೇ ಕೈಗೆ ಭಾರ ಬೀಳುತ್ತದೆ. ಕೊಡವೂ ಅದೇ, ಒಳಗಿನ ನೀರೂ ಅದೇ. ನೀರಿನೊಳಗೆ ಇದ್ದಾಗ ಸುತ್ತಲಿನ ನೀರು ಅದನ್ನು ಮೇಲಕ್ಕೆ ತಳ್ಳುತ್ತಿತ್ತು, ಹೊರಗೆ ಬಂದಮೇಲೆ ಆ ಆಸರೆ ಹೋಯಿತು.

ಇನ್ನೊಂದು ಅನುಭವ. ಖಾಲಿ ಕೊಡದ ಬಾಯಿ ಮೇಲಿರುವಂತೆ ಹಿಡಿದು ನೀರಿನೊಳಗೆ ಒತ್ತಿ ನೋಡಿ. ಒತ್ತಿದಷ್ಟೂ ಅದು ತಿರುಗಿ ಕೈಯನ್ನು ತಳ್ಳುತ್ತದೆ. ಹೆಚ್ಚು ಆಳಕ್ಕೆ ಒತ್ತಿದರೆ ತಳ್ಳುವ ಬಲವೂ ಹೆಚ್ಚು.

ಕಾರಣ ಇಷ್ಟು: ನೀರಿನಲ್ಲಿ ಕೆಳಗೆ ಹೋದಂತೆ ಒತ್ತಡ ಹೆಚ್ಚಾಗುತ್ತದೆ. ಆದ್ದರಿಂದ ಮುಳುಗಿದ ವಸ್ತುವಿನ ತಳಭಾಗದ ಮೇಲೆ ಬೀಳುವ ಒತ್ತಡ, ಮೇಲ್ಭಾಗದ ಮೇಲೆ ಬೀಳುವ ಒತ್ತಡಕ್ಕಿಂತ ಜಾಸ್ತಿ. ಈ ವ್ಯತ್ಯಾಸವೇ ಮೇಲ್ಮುಖ ಬಲ. ಶಾಲೆಯ ಪುಸ್ತಕದಲ್ಲಿ ಇದನ್ನು ಪ್ಲವನ ಬಲ ಎಂದು ಓದಿರುತ್ತೀರಿ. ಈ ಬಲ ಸರಿಸಲ್ಪಟ್ಟ ನೀರಿನ ತೂಕಕ್ಕೆ ಸರಿಸಮ ಎಂದು 2,200ಕ್ಕೂ ಹೆಚ್ಚು ವರ್ಷಗಳ ಹಿಂದೆ ಗ್ರೀಕರ ಸಿರಾಕ್ಯೂಸ್ ನಗರದ ಆರ್ಕಿಮಿಡೀಸ್ ತೋರಿಸಿಕೊಟ್ಟ. ಅವನು ಸ್ನಾನದ ತೊಟ್ಟಿಯಿಂದ ಎದ್ದು "ಯುರೇಕಾ" ಎಂದು ಬೀದಿಗೆ ಓಡಿದ ಕತೆ ಅವನ ಪುಸ್ತಕಗಳಲ್ಲಿಲ್ಲ. ಅದನ್ನು ಬರೆದಿಟ್ಟವನು ಅವನು ಸತ್ತು ಸುಮಾರು 200 ವರ್ಷಗಳ ನಂತರದ ವಿಟ್ರೂವಿಯಸ್ ಎಂಬ ರೋಮನ್ ಲೇಖಕ. ಕತೆ ಅನುಮಾನ, ನಿಯಮ ಮಾತ್ರ ಪಕ್ಕಾ.

ಕೊಪ್ಪರಿಗೆಯ ಲೆಕ್ಕ

ಈಗ ಕಾಕಾ ಕೇಳಿದ ಪ್ರಶ್ನೆಗೆ ಬರೋಣ. ಕಬ್ಬು ಬೆಳೆಯುವ ನಮ್ಮ ಸೀಮೆಯಲ್ಲಿ ಬೆಲ್ಲದ ಗಾಣದ ಕೊಪ್ಪರಿಗೆ ನೋಡದವರು ಕಡಿಮೆ. ಕಬ್ಬಿನ ಹಾಲು ಕಾಯಿಸುವ ಆ ಅಗಲವಾದ ಕಬ್ಬಿಣದ ಪಾತ್ರೆಯನ್ನು ಇಬ್ಬರು ಸೇರಿ ಎತ್ತುವುದೂ ಕಷ್ಟ. ಆದರೆ ಕೃಷ್ಣಾ ತೀರದ ಸಾಂಗಲಿ, ಕೊಲ್ಹಾಪುರ ಕಡೆ ಇದೇ ಕೊಪ್ಪರಿಗೆಯನ್ನು ಕಾಯಿಲ್ ಎನ್ನುತ್ತಾರೆ ಮತ್ತು ಹೊಳೆ ದಾಟಲು ದೋಣಿಯಂತೆ ಬಳಸಿದ್ದೂ ಉಂಟು. ಕೇರಳದ ಅಲಪ್ಪುಳದಲ್ಲಿ 2021ರ ಅಕ್ಟೋಬರ್‌ನಲ್ಲಿ ಪ್ರವಾಹ ಬಂದಾಗ ಮದುಮಕ್ಕಳಿಬ್ಬರು ದೊಡ್ಡ ಅಡುಗೆ ಪಾತ್ರೆಯಲ್ಲಿ ಕುಳಿತು ಮದುವೆಗೆ ಹೋದ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಅದು ನಿಜವಾಗಿ ನಡೆದದ್ದೇ.

ಅದು ಹೇಗೆ ಸಾಧ್ಯ? ಒಂದು ಸುಲಭ ಲೆಕ್ಕ ಮಾಡೋಣ. ಕೊಪ್ಪರಿಗೆ 2 ಮೀಟರ್ ಅಗಲ, ಅರ್ಧ ಮೀಟರ್ ಆಳ ಇದೆ ಎಂದುಕೊಳ್ಳಿ. ತಗಡಿನ ದಪ್ಪ 4 ಮಿಲಿಮೀಟರ್. ಲೆಕ್ಕ ಸುಲಭವಾಗಲೆಂದು ತಳ ಸಪಾಟು, ಗೋಡೆ ನೇರ ಎಂದು ಇಟ್ಟುಕೊಳ್ಳೋಣ.

ಅದರಲ್ಲಿರುವ ಕಬ್ಬಿಣದ ಗಾತ್ರ ಸುಮಾರು 25 ಲೀಟರ್ ಆಗುತ್ತದೆ. ಒಂದು ಲೀಟರ್ ನೀರು 1 ಕೆ.ಜಿ. ತೂಗಿದರೆ, ಅಷ್ಟೇ ಗಾತ್ರದ ಕಬ್ಬಿಣ ಸುಮಾರು 7.8 ಕೆ.ಜಿ. ತೂಗುತ್ತದೆ. ಹಾಗಾಗಿ ಕೊಪ್ಪರಿಗೆಯ ತೂಕ ಸುಮಾರು 200 ಕೆ.ಜಿ.

ಮೊದಲು ಈ ಕೊಪ್ಪರಿಗೆಯನ್ನು ಕರಗಿಸಿ ಒಂದು ಗಟ್ಟಿ ಉಂಡೆ ಮಾಡಿದೆವು ಎಂದುಕೊಳ್ಳಿ. ಹೊಳೆಗೆ ಹಾಕಿದರೆ ಆ ಉಂಡೆ 25 ಲೀಟರ್ ನೀರನ್ನಷ್ಟೇ ಸರಿಸಬಲ್ಲದು. ಅಂದರೆ ನೀರು ಅದನ್ನು 25 ಕೆ.ಜಿ.ಯಷ್ಟೇ ಮೇಲಕ್ಕೆ ತಳ್ಳುತ್ತದೆ. ತೂಕ 200, ಆಸರೆ 25. ಉಂಡೆ ತಳ ಸೇರುತ್ತದೆ. ಮೊಳೆಯ ಗತಿಯೂ ಇದೇ.

ಈಗ ಅದೇ ಕಬ್ಬಿಣ, ಅದೇ 200 ಕೆ.ಜಿ., ಕೊಪ್ಪರಿಗೆಯ ಆಕಾರದಲ್ಲಿ ನೀರಿಗಿಳಿಯಲಿ. ಅದು 6 ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಕೆಳಗೆ ಇಳಿಯುವಷ್ಟರಲ್ಲೇ 200 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿರುತ್ತದೆ. ತೂಕ 200, ಆಸರೆ 200. ಅಲ್ಲಿಗೆ ಇಳಿಯುವುದು ನಿಂತಿತು. ಇನ್ನೂ 43 ಸೆಂಟಿಮೀಟರ್ ಗೋಡೆ ನೀರಿನ ಮೇಲೆಯೇ ಇದೆ.

ಕಬ್ಬಿಣ ಬದಲಾಗಲಿಲ್ಲ, ತೂಕವೂ ಬದಲಾಗಲಿಲ್ಲ. ಬದಲಾದದ್ದು ಆಕಾರ ಮಾತ್ರ. ಹಂಪಿ, ಆನೆಗೊಂದಿಯ ಹರಿಗೋಲು ತೇಲುವುದೂ ಇದೇ ಲೆಕ್ಕದ ಮೇಲೆ.

ಕಾರವಾರದ 45,000 ಟನ್

ಇದೇ ಲೆಕ್ಕವನ್ನು ದೊಡ್ಡದು ಮಾಡಿದರೆ ಹಡಗು ಸಿಗುತ್ತದೆ. ನಮ್ಮ ಕಾರವಾರದ ಕದಂಬ ನೌಕಾನೆಲೆಯಲ್ಲಿ ಲಂಗರು ಹಾಕುವ ಐಎನ್‌ಎಸ್ ವಿಕ್ರಮಾದಿತ್ಯ ಯುದ್ಧವಿಮಾನಗಳನ್ನು ಹೊರುವ ಹಡಗು. ಉದ್ದ ಸುಮಾರು 284 ಮೀಟರ್. ತೂಕ ಸುಮಾರು 45,000 ಟನ್.

ಇಷ್ಟು ದೊಡ್ಡ ಹಡಗನ್ನು ಯಾವ ತಕ್ಕಡಿಯಲ್ಲಿಟ್ಟು ತೂಗುತ್ತಾರೆ? ತೂಗುವುದಿಲ್ಲ. ಅದು ಎಷ್ಟು ನೀರನ್ನು ಸರಿಸುತ್ತದೆ ಎಂದು ಲೆಕ್ಕ ಹಾಕುತ್ತಾರೆ. ನೌಕಾಪಡೆಯವರು ಹಡಗಿನ ತೂಕವನ್ನು ಹೇಳುವ ರೀತಿಯೇ ಅದು: ಇಷ್ಟು ಟನ್ ನೀರು ಸರಿಸುವ ಹಡಗು. ಸರಿಸಿದ ನೀರಿನ ತೂಕವೇ ಹಡಗಿನ ತೂಕ.

45,000 ಟನ್ ಸಮುದ್ರದ ನೀರು ಎಂದರೆ ಸುಮಾರು 4 ಕೋಟಿ 39 ಲಕ್ಷ ಲೀಟರ್. 10,000 ಲೀಟರಿನ ನೀರಿನ ಟ್ಯಾಂಕರ್‌ಗಳಲ್ಲಿ ತುಂಬಿದರೆ 4,390 ಟ್ಯಾಂಕರ್. ಅಷ್ಟು ನೀರಿನ ಜಾಗದಲ್ಲಿ ಹಡಗು ಕುಳಿತಿದೆ. ಅದೇ ತೂಕದ ಗಟ್ಟಿ ಕಬ್ಬಿಣವಾಗಿದ್ದರೆ 57 ಲಕ್ಷ ಲೀಟರ್ ನೀರನ್ನಷ್ಟೇ ಸರಿಸುತ್ತಿತ್ತು, ನೇರ ತಳಕ್ಕೆ ಹೋಗುತ್ತಿತ್ತು.

ಅಂದಹಾಗೆ, ಸಾವಿರಾರು ವರ್ಷ ಜಗತ್ತಿನ ಹಡಗುಗಳೆಲ್ಲ ಮರದವೇ ಆಗಿದ್ದವು. ಪೂರ್ತಿ ಕಬ್ಬಿಣದ ಒಡಲಿನ ದೊಡ್ಡ ಪ್ರಯಾಣಿಕ ಹಡಗು 'ಗ್ರೇಟ್ ಬ್ರಿಟನ್' ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನೀರಿಗಿಳಿದದ್ದು 1843ರಲ್ಲಿ. ಅದು ಈಗಲೂ ಅದೇ ಊರಿನಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿದಿದೆ.

ಗ್ರೂಪಿನಲ್ಲಿ ಬಂದ ಉತ್ತರಗಳಲ್ಲಿ ಯಾವುದು ಸರಿ, ಯಾವುದು ತಪ್ಪು?

*"ಸಮುದ್ರದ ನೀರು ಉಪ್ಪು, ಅದಕ್ಕೆ ತೇಲುತ್ತದೆ."* ಪೂರ್ತಿ ಸರಿಯಲ್ಲ. ಉಪ್ಪುನೀರು ಸಿಹಿನೀರಿಗಿಂತ ಭಾರ ಎಂಬುದು ನಿಜ. ಆದರೆ ವ್ಯತ್ಯಾಸ ಸುಮಾರು ಶೇ. 2.5 ಮಾತ್ರ. ಸಮುದ್ರದಲ್ಲಿ ತೇಲುವ ಹಡಗು ನದಿಗೆ ಬಂದರೆ ಸ್ವಲ್ಪ ಹೆಚ್ಚು ಕೆಳಗೆ ಇಳಿಯುತ್ತದೆ, ಮುಳುಗಿಬಿಡುವುದಿಲ್ಲ.

*"ಒಳಗೆ ಗಾಳಿ ತುಂಬಿರುತ್ತಾರೆ."* ಅರ್ಧ ಸತ್ಯ. ಯಾರೂ ಹಡಗಿಗೆ ಟ್ಯೂಬಿನಂತೆ ಗಾಳಿ ತುಂಬುವುದಿಲ್ಲ. ಗಾಳಿ ಹಡಗನ್ನು ಎತ್ತಿ ಹಿಡಿಯುವುದೂ ಇಲ್ಲ. ಆ ಜಾಗಕ್ಕೆ ನೀರು ಬಾರದಂತೆ ಹಡಗಿನ ಒಡಲು ತಡೆಯುತ್ತದೆ ಎಂಬುದೇ ಮುಖ್ಯ. ಕೊಪ್ಪರಿಗೆಗೆ ಮುಚ್ಚಳವೇ ಇಲ್ಲ, ಆದರೂ ತೇಲುತ್ತದೆ.

*"ಇಂಜಿನ್ ಓಡುವುದರಿಂದ ತೇಲುತ್ತದೆ."* ತಪ್ಪು. ಇಂಜಿನ್ ಇರುವುದು ಹಡಗು ಮುಂದಕ್ಕೆ ಹೋಗಲು. ಲಂಗರು ಹಾಕಿ ತಿಂಗಳುಗಟ್ಟಲೆ ನಿಂತ ಹಡಗೂ ತೇಲುತ್ತಲೇ ಇರುತ್ತದೆ. ವಿಮಾನಕ್ಕೂ ಹಡಗಿಗೂ ಇರುವ ವ್ಯತ್ಯಾಸ ಇದು.

*"ಸಮುದ್ರ ಬಹಳ ಆಳ, ಅದಕ್ಕೆ ಭಾರ ತಡೆಯುತ್ತದೆ."* ತಪ್ಪು. ತಳ ನೆಲಕ್ಕೆ ತಾಗದಷ್ಟು ನೀರಿದ್ದರೆ ಸಾಕು. ಕೆಳಗೆ ಇನ್ನೂ 10 ಮೀಟರ್ ಇರಲಿ, 1,000 ಮೀಟರ್ ಇರಲಿ, ಹಡಗಿಗೆ ಸಿಗುವ ಆಸರೆ ಅಷ್ಟೇ.

*"ಕಲ್ಲು ತೇಲಿದರೆ ಪವಾಡ."* ಇಂಥ ವಿಡಿಯೋಗಳೂ ಓಡಾಡುತ್ತವೆ. ಜ್ವಾಲಾಮುಖಿಯಿಂದ ಹುಟ್ಟುವ ಪ್ಯೂಮಿಸ್ ಎಂಬ ಕಲ್ಲಿನಲ್ಲಿ ಜೇನುಗೂಡಿನಂತೆ ಸಣ್ಣ ಸಣ್ಣ ತೂತುಗಳು ತುಂಬಿರುತ್ತವೆ. ಒಟ್ಟು ಗಾತ್ರಕ್ಕೆ ಹೋಲಿಸಿದರೆ ತೂಕ ನೀರಿಗಿಂತ ಕಡಿಮೆ, ಹಾಗಾಗಿ ತೇಲುತ್ತದೆ. ಅಂಗಾಲು ಉಜ್ಜಲು ಅಂಗಡಿಯಲ್ಲಿ ಮಾರುವುದೂ ಇದೇ ಕಲ್ಲು.

ಸೋರೆ ಬುರುಡೆ, ಲೈಫ್ ಜಾಕೆಟ್: ತತ್ವ ಒಂದೇ

2014ರ ಮಳೆಗಾಲದಲ್ಲಿ ಯಾದಗಿರಿ ಜಿಲ್ಲೆಯ ಸುದ್ದಿಯೊಂದು ದೇಶದ ಗಮನ ಸೆಳೆಯಿತು. ಕೃಷ್ಣಾ ನದಿಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡೆಯ ತುಂಬು ಗರ್ಭಿಣಿಯೊಬ್ಬರು ಆಸ್ಪತ್ರೆಯಿರುವ ದಡ ಸೇರಲು ತುಂಬಿ ಹರಿಯುವ ಹೊಳೆಯನ್ನು ಈಜಿ ದಾಟಿದರು. ಮೈಗೆ ಕಟ್ಟಿಕೊಂಡಿದ್ದದ್ದು ಒಣಗಿದ ಸೋರೆ, ಕುಂಬಳದ ಬುರುಡೆಗಳು. ಜೊತೆಗೆ ಮನೆಯವರು ಈಜಿದರು.

ಅದನ್ನು ಸಾಹಸವೆಂದು ಎಲ್ಲರೂ ಹೊಗಳಿದರು. ಆದರೆ ಸೇತುವೆಯೋ ದೋಣಿಯೋ ಇದ್ದಿದ್ದರೆ ಆ ತಾಯಿಗೆ ಆ ಸಾಹಸದ ಅಗತ್ಯವೇ ಇರಲಿಲ್ಲ ಎಂಬುದನ್ನೂ ಮರೆಯಬಾರದು.

ಬುರುಡೆ ಕೆಲಸ ಮಾಡಿದ್ದು ಹೇಗೆ? ಮನುಷ್ಯನ ದೇಹ ಹೆಚ್ಚೂಕಡಿಮೆ ನೀರಿನಷ್ಟೇ ಸಾಂದ್ರ. ಶ್ವಾಸಕೋಶದಲ್ಲಿ ಗಾಳಿ ತುಂಬಿದ್ದರೆ ಸ್ವಲ್ಪ ತೇಲುತ್ತೇವೆ, ಖಾಲಿಯಾದರೆ ಮುಳುಗುತ್ತೇವೆ. ತೊಂದರೆ ಇರುವುದು ತಲೆಯನ್ನು ನೀರಿನ ಮೇಲೆ ಹಿಡಿಯುವುದರಲ್ಲಿ. ದೊಡ್ಡವರ ತಲೆ ಸುಮಾರು 4ರಿಂದ 5 ಕೆ.ಜಿ. ತೂಗುತ್ತದೆ. ಅಷ್ಟು ಆಸರೆಯನ್ನು ಹೊರಗಿನಿಂದ ಕೊಟ್ಟರೆ ಮೂಗು, ಬಾಯಿ ನೀರಿನ ಮೇಲಿರುತ್ತವೆ. 5 ಲೀಟರ್ ಗಾತ್ರದ ಹಗುರವಾದ ಬುರುಡೆ ನೀರಿನೊಳಗೆ ಹೋದರೆ ಹೆಚ್ಚುಕಡಿಮೆ 5 ಕೆ.ಜಿ. ಮೇಲಕ್ಕೆ ಎತ್ತುತ್ತದೆ. ಲೈಫ್ ಜಾಕೆಟ್ ಮಾಡುವುದೂ ಇದನ್ನೇ. ಒಂದೇ ವ್ಯತ್ಯಾಸ: ಜಾಕೆಟ್ ಒಡೆಯುವುದಿಲ್ಲ, ಜಾರುವುದಿಲ್ಲ, ಸರಿಯಾಗಿ ಕಟ್ಟಿಕೊಂಡರೆ ತಲೆಯನ್ನು ಮೇಲಕ್ಕೇ ಹಿಡಿಯುತ್ತದೆ. "ನನಗೆ ಈಜು ಬರುತ್ತದೆ" ಎಂದು ಅದನ್ನು ಕಾಲ ಬಳಿ ಇಟ್ಟುಕೊಂಡು ದೋಣಿಯಲ್ಲಿ ಕೂರುವವರು ಇದನ್ನು ನೆನಪಿಡಬೇಕು.

ತೇಲುತ್ತಿದೆ ಎಂದರೆ ಸುರಕ್ಷಿತ ಎಂದಲ್ಲ

ಫಾರ್ವರ್ಡ್‌ಗಳು ಸಾಮಾನ್ಯವಾಗಿ "ಹಡಗು ತೇಲುತ್ತದೆ" ಎಂಬಲ್ಲಿಗೆ ಮುಗಿಯುತ್ತವೆ. ಜೀವಕ್ಕೆ ಸಂಬಂಧಿಸಿದ ಮಾತು ಶುರುವಾಗುವುದು ಅದರ ನಂತರ.

ಮತ್ತೆ ಕೊಪ್ಪರಿಗೆಗೆ ಬನ್ನಿ. 60 ಕೆ.ಜಿ.ಯ ಒಬ್ಬ ಮನುಷ್ಯ ಹತ್ತಿದರೆ ಅದು ಸುಮಾರು 2 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಹತ್ತು ಜನ ಹತ್ತಿದರೆ 25 ಸೆಂಟಿಮೀಟರ್ ಮುಳುಗಿ, 25 ಸೆಂಟಿಮೀಟರ್ ಉಳಿಯುತ್ತದೆ. ಬರೀ ತೂಕದ ಲೆಕ್ಕದಲ್ಲಿ 22 ಜನ ಹತ್ತುವವರೆಗೂ ಅದು ತೇಲುತ್ತದೆ. ಇಪ್ಪತ್ತೆರಡನೆಯವರು ಹತ್ತುವಾಗಲೂ ದಡದಲ್ಲಿ ನಿಂತವರಿಗೆ "ತೇಲುತ್ತಿದೆಯಲ್ಲ, ಇನ್ನೊಬ್ಬರು ಬನ್ನಿ" ಎಂದೇ ಅನ್ನಿಸುತ್ತದೆ. ಆದರೆ ಆಗ ನೀರಿಗೂ ಅಂಚಿಗೂ ನಡುವೆ ಉಳಿದಿರುವುದು ಒಂದು ಬೆರಳಿನಷ್ಟು ಮಾತ್ರ. ಒಂದು ಸಣ್ಣ ಅಲೆ ಸಾಕು.

ಅಲೆಯೇ ಬೇಕೆಂದಿಲ್ಲ. ಹತ್ತೇ ಜನರಿದ್ದಾಗಲೂ ಎಲ್ಲರೂ ಒಂದು ಬದಿಗೆ ಬಾಗಿ ಅಂಚು 25 ಸೆಂಟಿಮೀಟರ್ ತಗ್ಗಿದರೆ ನೀರು ಒಳಗೆ ಬರುತ್ತದೆ. ಕೊಪ್ಪರಿಗೆಯಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಅದರ ತೂಕ 300 ಕೆ.ಜಿ.ಗೂ ಹೆಚ್ಚು, ಅಂದರೆ ಐವರು ಹೊಸಬರು ಹತ್ತಿದಂತೆ. ಈ ಐವರು ಒಂದು ಕಡೆ ಕೂರುವವರಲ್ಲ. ಪಾತ್ರೆ ಯಾವ ಕಡೆ ವಾಲಿದರೂ ನೀರು ಅದೇ ಕಡೆ ಓಡಿ ಇನ್ನಷ್ಟು ವಾಲಿಸುತ್ತದೆ. ದೋಣಿಗಳು ನಿಧಾನವಾಗಿ ಮುಳುಗದೆ ಒಮ್ಮೆಲೇ ಮಗುಚುವುದು ಹೆಚ್ಚಾಗಿ ಹೀಗೆ.

2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ದೋಣಿಯಲ್ಲಿ ಮಿತಿ ಮೀರಿ ಜನರಿದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಸತ್ತರು. ಅಲ್ಲಿಯೂ ಅದೇ ಕತೆ, ಮಿತಿ ಮೀರಿದ ಜನ. ಎರಡೂ ದೋಣಿಗಳು ದಡ ಬಿಡುವಾಗ ತೇಲುತ್ತಲೇ ಇದ್ದವು.

ಹಡಗಿನ ಮೈಮೇಲಿನ ಗೆರೆ

ಹಡಗಿನವರು ಈ ಪಾಠವನ್ನು ಸಾವಿರಾರು ಜೀವಗಳನ್ನು ಕೊಟ್ಟು ಕಲಿತರು. 19ನೆಯ ಶತಮಾನದ ಬ್ರಿಟನ್ನಿನಲ್ಲಿ ಕೆಲವು ಮಾಲೀಕರು ಹಳೆಯ ಹಡಗುಗಳಿಗೆ ಮಿತಿ ಮೀರಿ ಸರಕು ತುಂಬಿ ಕಳಿಸುತ್ತಿದ್ದರು. ಮುಳುಗಿದರೂ ಅವರಿಗೆ ವಿಮೆ ಹಣ ಬರುತ್ತಿತ್ತು, ಸಾಯುತ್ತಿದ್ದವರು ನಾವಿಕರು. ಸಂಸದ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಅದರ ಫಲವಾಗಿ 1876ರ ಕಾನೂನು ಪ್ರತಿ ಹಡಗಿನ ಹೊರಮೈಮೇಲೆ ಒಂದು ಗೆರೆ ಇರಬೇಕೆಂದಿತು. ಸರಕು ತುಂಬುವಾಗ ನೀರು ಆ ಗೆರೆ ದಾಟಬಾರದು. ಮೊದಮೊದಲು ಗೆರೆ ಎಲ್ಲಿರಬೇಕೆಂದು ಮಾಲೀಕರೇ ಗೊತ್ತುಮಾಡುತ್ತಿದ್ದರು. 1890ರಲ್ಲಿ ಅದನ್ನೂ ಕಾನೂನೇ ಗೊತ್ತುಮಾಡಿತು.

ಇಂದು ಜಗತ್ತಿನ ಸರಕು ಹಡಗುಗಳ ಮೇಲೆಲ್ಲ ಈ ಗೆರೆ ಇರುತ್ತದೆ. ಮಂಗಳೂರು ಬಂದರಿಗೆ ಹೋದರೆ ಗಮನಿಸಿ: ಒಂದು ವೃತ್ತ, ಅದರ ಮಧ್ಯೆ ಅಡ್ಡಗೆರೆ, ಪಕ್ಕದಲ್ಲಿ ಏಣಿಯ ಮೆಟ್ಟಿಲಿನಂತೆ ಇನ್ನಷ್ಟು ಗೆರೆಗಳು. ಬೇಸಿಗೆಯ ಸಮುದ್ರಕ್ಕೆ ಒಂದು, ಚಳಿಗಾಲದ ಒರಟು ಸಮುದ್ರಕ್ಕೆ ಅದಕ್ಕಿಂತ ಕೆಳಗೆ ಒಂದು, ಸಿಹಿನೀರಿಗೆ ಮೇಲೆ ಒಂದು. ಉಪ್ಪುನೀರು, ಸಿಹಿನೀರಿನ ಆ ಶೇ. 2.5ರ ವ್ಯತ್ಯಾಸ ಇಲ್ಲಿ ಗೆರೆಯಾಗಿ ಕೂತಿದೆ.

ತೂಕ ಮಿತಿಯಲ್ಲಿದ್ದರೂ ಸಾಲದು, ನೀರು ಒಳಗೆ ಬರಬಾರದು. ಟೈಟಾನಿಕ್‌ನ ಒಡಲನ್ನು 16 ವಿಭಾಗಗಳಾಗಿ ಮಾಡಿದ್ದರು. ಮುಂದಿನ ನಾಲ್ಕು ತುಂಬಿದರೂ ಅದು ತೇಲುತ್ತಿತ್ತು. 1912ರ ಏಪ್ರಿಲ್ 14ರ ರಾತ್ರಿ ಹಿಮಬಂಡೆ ಅದಕ್ಕಿಂತ ಹೆಚ್ಚು ವಿಭಾಗಗಳನ್ನು ಸೀಳಿತು. ವಿಭಾಗಗಳ ನಡುವಿನ ಗೋಡೆಗಳು ಸಾಕಷ್ಟು ಎತ್ತರ ಇರಲಿಲ್ಲ. ಮೂತಿ ತಗ್ಗಿದಂತೆ ನೀರು ಒಂದರಿಂದ ಇನ್ನೊಂದಕ್ಕೆ ಉಕ್ಕಿತು. ಸುಮಾರು 1,500 ಜನ ಸತ್ತರು. ನಮ್ಮ ಕಾಲದ್ದೇ ಉದಾಹರಣೆ ಬೇಕೆಂದರೆ, 640 ಕಂಟೇನರ್ ಹೊತ್ತ ಎಂಎಸ್‌ಸಿ ಎಲ್ಸಾ 3 ಹಡಗು 2025ರ ಮೇ 24ರಂದು ಕೇರಳದ ಕರಾವಳಿಯಾಚೆ ಒಂದು ಬದಿಗೆ ವಾಲಿತು, ಮರುದಿನ ಮುಳುಗಿತು. ಅದೃಷ್ಟಕ್ಕೆ 24 ಸಿಬ್ಬಂದಿಯೂ ಬದುಕುಳಿದರು.

ಘಟಪ್ರಭೆಯ ಸೇತುವೆ ಮತ್ತು ನಿಮ್ಮ ಕಾರು

ಈಗ ಮೊದಲು ಹೇಳಿದ ಮಾತಿಗೆ ಬರೋಣ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ನಗರಕ್ಕೆ ನೀರು ನುಗ್ಗಿದ್ದು, ಲೋಳಸೂರ ಸೇತುವೆ ಮುಳುಗಿದ್ದು ಈ ಭಾಗದ ಯಾರಿಗೂ ಮರೆತಿಲ್ಲ. ಪ್ರವಾಹ ಬಂದಾಗಲೆಲ್ಲ "ಏನೂ ಆಗೂದಿಲ್ಲ, ಗಾಡಿ ಭಾರ ಐತಿ" ಎಂದು ನೀರಿಗಿಳಿಸುವವರ ವಿಡಿಯೋಗಳೂ ಬರುತ್ತವೆ.

ಗಾಡಿ ಭಾರ ಇದೆ, ನಿಜ. ಹಡಗೂ ಭಾರವೇ ಇತ್ತಲ್ಲ?

ಕಾರು ಕೂಡ ಒಂದು ಕೊಪ್ಪರಿಗೆ. ಬಾಗಿಲು ಮುಚ್ಚಿದ ಸಣ್ಣ ಕಾರು ಸುಮಾರು 3.6 ಮೀಟರ್ ಉದ್ದ, 1.6 ಮೀಟರ್ ಅಗಲ, ತೂಕ 1,000 ಕೆ.ಜಿ. ಎಂದುಕೊಳ್ಳಿ. ಅದರ ತಳ ರಸ್ತೆಯಿಂದ ಸುಮಾರು 17 ಸೆಂಟಿಮೀಟರ್ ಮೇಲಿದೆ. ನೀರು ತಳ ಮುಟ್ಟಿದ ಮೇಲೆ ಏರುವ ಪ್ರತಿ ಸೆಂಟಿಮೀಟರ್‌ಗೆ ಕಾರು ಹೆಚ್ಚುಕಡಿಮೆ 57 ಕೆ.ಜಿ. ಹಗುರವಾಗುತ್ತದೆ. ತಳದಿಂದ ಇನ್ನೂ 17–18 ಸೆಂಟಿಮೀಟರ್ ಏರಿದರೆ 1,000 ಕೆ.ಜಿ.ಯ ಲೆಕ್ಕ ಮುಗಿಯಿತು. ಒಟ್ಟು ಸುಮಾರು 35 ಸೆಂಟಿಮೀಟರ್ ನೀರು, ಮೊಣಕಾಲಿಗಿಂತ ಕೆಳಗೆ. ಅಷ್ಟಕ್ಕೇ ಕಾರು ತೇಲಲು ಶುರುಮಾಡಬಹುದು.

ಹಡಗು ತೇಲಿದರೆ ಸಂತೋಷ, ಕಾರು ತೇಲಿದರೆ ಅಪಾಯ. ತೇಲುವ ಕಾರಿನ ಚಕ್ರಗಳಿಗೆ ರಸ್ತೆಯ ಹಿಡಿತ ಇರುವುದಿಲ್ಲ. ಸ್ಟೇರಿಂಗ್ ತಿರುಗಿಸಿದರೂ, ಬ್ರೇಕ್ ಒತ್ತಿದರೂ ಏನೂ ಆಗದು. ಪೂರ್ತಿ ತೇಲುವ ಮೊದಲೇ ಹಿಡಿತ ಕಡಿಮೆಯಾಗುತ್ತ ಬಂದಿರುತ್ತದೆ. ಹರಿಯುವ ನೀರು ಪಕ್ಕದಿಂದ ತಳ್ಳುವ ಬಲವೂ ಸಣ್ಣದಲ್ಲ. ಹರಿವಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಸೇತುವೆಯ ಅಂಚು ದಾಟಿದ ಮೇಲೆ ಬಾಗಿಲ ಸಂದುಗಳಿಂದ ನೀರು ತುಂಬಿ ಕಾರು ಮುಳುಗುತ್ತದೆ. ಮೊದಲು ತೇಲಿಸಿದ ನೀರೇ ಆಮೇಲೆ ಮುಳುಗಿಸುತ್ತದೆ.

"ದೊಡ್ಡ ಗಾಡಿಗೆ ಏನೂ ಆಗಲ್ಲ" ಎಂಬುದೂ ನಂಬುವಂಥದ್ದಲ್ಲ. ಗಾಡಿ ದೊಡ್ಡದಾದಂತೆ ಅದು ಸರಿಸುವ ನೀರೂ ಹೆಚ್ಚು. ಎರಡು ಅಡಿಯ ಹರಿಯುವ ನೀರು ಬಹುತೇಕ ಕಾರು, ಜೀಪುಗಳನ್ನು ಒಯ್ಯಬಲ್ಲದು. ಟ್ರ್ಯಾಕ್ಟರ್‌ನ ದೊಡ್ಡ ಟಯರ್‌ಗಳಲ್ಲಿ ತುಂಬಿರುವುದೂ ಗಾಳಿಯೇ. ಕೆಂಪು ನೀರಿನಡಿ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಎಂಬುದಂತೂ ಮೇಲಿನಿಂದ ಕಾಣುವುದೇ ಇಲ್ಲ.

ಹಾಗೆಯೇ, ಈ ಬರಹ ಓದಿ ಯಾರೂ ಕೊಪ್ಪರಿಗೆಯನ್ನು ಪ್ರವಾಹಕ್ಕೆ ಇಳಿಸಬೇಡಿ. ಅದು ತೇಲುತ್ತದೆ, ಆದರೆ ಹೊಳೆಯ ಸೆಳವಿನಲ್ಲಿ ಗಿರಗಿರ ತಿರುಗುತ್ತದೆ, ಸುಲಭವಾಗಿ ಮಗುಚುತ್ತದೆ.

ಮನೆಯಲ್ಲೇ ಮಾಡಿ ನೋಡಿ

ಮಕ್ಕಳಿಗೆ ತೋರಿಸಲು ಒಂದು ಬಕೆಟ್ ನೀರು, ಒಂದು ಸ್ಟೀಲ್ ವಾಟಿ, ಒಂದಿಷ್ಟು ನಾಣ್ಯ ಸಾಕು.

1. ವಾಟಿಯನ್ನು ನೇರವಾಗಿ ನೀರಿನ ಮೇಲೆ ಇಡಿ, ತೇಲುತ್ತದೆ. ನೀರು ಎಲ್ಲಿಯವರೆಗೆ ಬಂದಿದೆ ಎಂದು ಮಾರ್ಕರ್‌ನಿಂದ ಗೆರೆ ಹಾಕಿ.
2. ಒಂದೊಂದೇ ನಾಣ್ಯ ಹಾಕುತ್ತ ಹೋಗಿ. ವಾಟಿ ಹೇಗೆ ಇಳಿಯುತ್ತದೆ ನೋಡಿ. ಎಷ್ಟನೆಯ ನಾಣ್ಯಕ್ಕೆ ಮುಳುಗಿತು ಎಂದು ಎಣಿಸಿ.
3. ಮತ್ತೆ ಅರ್ಧದಷ್ಟೇ ನಾಣ್ಯ ಹಾಕಿ, ಈ ಸಲ ಎಲ್ಲವನ್ನೂ ಒಂದೇ ಬದಿಗೆ ಸರಿಸಿ. ಹಿಂದಿನ ಎಣಿಕೆಗಿಂತ ಕಡಿಮೆ ನಾಣ್ಯವಿದ್ದರೂ ವಾಟಿ ವಾಲಿ ಮುಳುಗಬಹುದು.

ಎರಡನೆಯ ಪ್ರಯೋಗ ಹೆಚ್ಚು ಜನ ಹತ್ತಿದ ದೋಣಿ. ಮೂರನೆಯದು ಫೋಟೋ ತೆಗೆಯಲು ಎಲ್ಲರೂ ಒಂದೇ ಕಡೆ ಎದ್ದು ನಿಂತ ದೋಣಿ.

ಒಟ್ಟಿನಲ್ಲಿ

ಭಾರವಾದ ಹಡಗು ತೇಲುವುದು ಪವಾಡವಲ್ಲ, ಉಪ್ಪಿನ ಮಹಿಮೆಯಲ್ಲ, ಇಂಜಿನ್‌ನ ಶಕ್ತಿಯೂ ಅಲ್ಲ. ತನ್ನ ತೂಕದಷ್ಟು ನೀರನ್ನು ಸರಿಸುವ ಆಕಾರ ಅದಕ್ಕಿದೆ, ಅಷ್ಟೇ. ಆ ಲೆಕ್ಕಕ್ಕೊಂದು ಮಿತಿಯೂ ಇದೆ. ಹೆಚ್ಚು ಭಾರ ಹಾಕಿದರೆ, ಒಂದು ಬದಿಗೆ ವಾಲಿಸಿದರೆ, ಒಳಗೆ ನೀರು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಇದೇ ಲೆಕ್ಕ ಮುಳುಗಿದ ಸೇತುವೆಯ ಮೇಲೆ ನಿಮ್ಮ ಕಾರಿಗೂ ಅನ್ವಯಿಸುತ್ತದೆ.

ಕಾಕಾನಿಗೆ ನಾನು ಇಷ್ಟೆಲ್ಲ ಬರೆಯಲಿಲ್ಲ. "ಕಾಕಾ, ನಮ್ಮ ಗಾಣದ ಕೊಪ್ಪರಿಗಿ ತೇಲತೈತಲ್ಲ, ಹಂಗ" ಎಂದೆ. ಒಂದು ನಿಮಿಷ ಬಿಟ್ಟು ಅವರ ಉತ್ತರ ಬಂತು: "ಹಂಗಂದ್ರ ನಮ್ಮ ಗಾಡೀನೂ ತೇಲತೈತಿ ಅನ್ನ. ಹೊಳಿ ಬಂದಾಗ ಸುಮ್ಮ ಮನ್ಯಾಗ ಇರೂದು ಛಲೋ."

ಫಾರ್ವರ್ಡ್ ಮಾಡುವುದಿದ್ದರೆ ಕಾಕಾನ ಈ ಮಾತನ್ನು ಮಾಡಿ.